ದಣಪೆ ದಾಟಿದ ಮೇಲೆ

ಸಿದ್ದಾಪುರ ಹತ್ತಿರದ ಕೋಲಸಿರ್ಸಿಯ ಕೆರಿಯಪ್ಪನ ಬಗ್ಗೆ ಹೇಳುವುದಾದರೆ ಬ್ರೇಕಿನಿಂದಲೇ ಶುರು ಮಾಡಬೇಕು, ಬೇರೆ ದಾರಿಯೇ ಇಲ್ಲ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವ ಬಸ್ಸನ್ನು ತಲೆಗೂದಲು ಕಪ್ಪಗಿದ್ದಾಗ ಹಿಡಿದವನು ಬೆಳ್ಳಗಾದ ಮೇಲೆಯೇ ಬಿಟ್ಟದ್ದು. ಅಷ್ಟು ಕಾಲದಲ್ಲಿ ಒಂದು ಕೋಳಿಯ ಪುಕ್ಕಕ್ಕೂ ಅವನ ಬಸ್ಸು ತಾಗಲಿಲ್ಲ. ಅದರ ಗುಟ್ಟು ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ: "ಸಂಶಯ ಬಂತಾ, ಬ್ರೇಕ್ ಹಾಕು. ವಿಚಾರ ಆಮೇಲೆ ಮಾಡು." ತಿರುವಿನಾಚೆ ದನ ಇರಬಹುದು ಎನಿಸಿದರೆ ಬ್ರೇಕು. ಮಂಜು ಕಂಡರೆ ಬ್ರೇಕು. ಹಿಂದಿನ ಸೀಟಿನಲ್ಲಿ ಯಾರಾದರೂ ಜೋರಾಗಿ ಸೀನಿದರೂ ಬ್ರೇಕು. "ಕೆರಿಯಪ್ಪಣ್ಣನ ಬಸ್ಸು ಹತ್ತೂದಾದ್ರೆ ಬುತ್ತಿ ಕಟ್ಕಂಡೇ ಹತ್ತಬೇಕು ಮಾರಾಯಾ" ಎಂದು ನಗುತ್ತಿದ್ದವರೇ ಮಳೆಗಾಲ ಬಂತೆಂದರೆ ಎರಡು ಬಸ್ಸು ಬಿಟ್ಟು ಅವನ ಬಸ್ಸಿಗೆ ಕಾಯುತ್ತಿದ್ದರು. ಜೀವ ಯಾರಿಗೆ ಬೇಡ ಹೇಳಿ!

ಇಂಥವನ ಹಿರಿಮಗಳು ಅನುಶ್ರೀ ವಿಮಾನ ಓಡಿಸುತ್ತಾಳೆ. ಸಣ್ಣಪುಟ್ಟದ್ದಲ್ಲ, ನೂರೆಂಬತ್ತು ಜನ ಹಿಡಿಸುವ ದೊಡ್ಡ ಜೆಟ್ಟು. ಅವಳು ಅಲ್ಲಿಗೆ ಹೇಗೆ ಮುಟ್ಟಿದಳು ಎಂಬುದನ್ನು ಹೇಳಹೊರಟರೆ ಬೆಳಗಾಗುತ್ತದೆ, ಅದನ್ನು ಬಿಡಿ. ಇಷ್ಟು ದಿನ ಬಲಗಡೆ ಸೀಟಿನಲ್ಲಿ ಕೋ-ಪೈಲಟ್ ಆಗಿದ್ದವಳಿಗೆ ಈಗ ಎಡಗಡೆ ಸೀಟಿನ ಸರದಿ ಬಂದಿತ್ತು. ಎಡಗಡೆಯದು ಕ್ಯಾಪ್ಟನ್ನಿನ ಸೀಟು. "ನನ್ನ ಮಗಳು ಕ್ಯಾಪ್ಟನ್ ಆಗ್ತದೆ" ಎಂದು ಕೆರಿಯಪ್ಪ ಸಿದ್ದಾಪುರದ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿಯೂ ಆಗಿತ್ತು. ಬ್ರೇಕು ಬಸ್ಸಿಗೆ ಇತ್ತೇ ಹೊರತು ಬಾಯಿಗೆ ಇರಲಿಲ್ಲ.

ಭೂಮಿ ಹುಣ್ಣಿಮೆ ಹತ್ತಿರ ಬಂದಾಗ ಮಗಳು ಹೇಳದೆ ಕೇಳದೆ ಮನೆಗೆ ಬಂದಳು. ಬಗಲಲ್ಲಿ ಸುರುಳಿ ಸುತ್ತಿದ ಒಂದು ಉದ್ದನೆಯ ಕಾಗದ. ಮುಖ ನೋಡಿದರೆ ಮೂರು ದಿನ ಉಪವಾಸವಿದ್ದವರ ಹಾಗೆ. ಅವಳ ತಾಯಿ ದೇವಿ ಜಗಲಿಯ ಮೇಲೆ ಕೂತು ಹಬ್ಬದ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಿದ್ದಳು. ಮಗಳನ್ನು ಕಂಡವಳೇ ಬರೆಯುವುದನ್ನು ನಿಲ್ಲಿಸಿ, "ಎಂತಾ ಆಯ್ತೇ?" ಎಂದಳು. ತಾಯಂದಿರಿಗೆ ಇದನ್ನೆಲ್ಲ ಯಾರೂ ಕಲಿಸಬೇಕಾಗಿಲ್ಲ.

"ಫೇಲಾದೆ ಅವ್ವ," ಎಂದಳು ಅನುಶ್ರೀ. "ಕ್ಯಾಪ್ಟನ್ ಪರೀಕ್ಷೇಲಿ ಫೇಲಾದೆ. ಹಬ್ಬ ಮುಗಿದ ಮೇಲೆ ಇನ್ನೊಂದೇ ಸಲ ಕೊಡ್ತಾರೆ. ಅದೂ ಹೋದ್ರೆ ಮತ್ತೆ ಬಲಗಡೆ ಸೀಟೇ. ಈ ಜನ್ಮದಲ್ಲಿ ಕರೀತಾರೋ ಇಲ್ವೋ."

ಕೆರಿಯಪ್ಪನಿಗೆ ಮೊದಲು ನೆನಪಾದದ್ದು ಸಿದ್ದಾಪುರದ ಪೇಟೆ. ಮರುಕ್ಷಣವೇ ಅದಕ್ಕಾಗಿ ನಾಚಿಕೆಯೂ ಆಯಿತು, ಪಾಪ. "ಕೂತ್ಕ. ಎಂತಾ ಆಯ್ತು ಅಂತ ಬಿಡಿಸಿ ಹೇಳು," ಎಂದ.

ಅವಳು ಬಿಡಿಸಿ ಹೇಳಿದಳು. ವಿಮಾನ ರನ್‌ವೇ ಮೇಲೆ ಓಡಲು ತೊಡಗಿದ ಮೇಲೆ ಒಂದು ವೇಗ ಬರುತ್ತದೆ. ಅದಕ್ಕೆ ವೀ-ವನ್ ಎನ್ನುತ್ತಾರೆ. ಆ ವೇಗ ಬರುವ ಮೊದಲು ಎಂಜಿನ್ನು ಕೆಟ್ಟರೆ ನಿಲ್ಲಿಸಬೇಕು, ನಿಲ್ಲಿಸಲು ಮುಂದೆ ಸಾಕಷ್ಟು ಜಾಗ ಇರುತ್ತದೆ. ಅದು ಬಂದ ಮೇಲೆ ಕೆಟ್ಟರೆ ನಿಲ್ಲಿಸುವಂತೆಯೇ ಇಲ್ಲ. ಒಂದೇ ಎಂಜಿನ್ನಿನಲ್ಲಿ ಹಾರಬೇಕು.

"ಒಂದು ಎಂಜಿನ್ನು ಹೊತ್ತಿ ಉರೀತಾ ಇದ್ರೂನಾ?" ಕೆರಿಯಪ್ಪ ಹೌಹಾರಿದ.

"ಉರೀತಾ ಇದ್ರೂ ಅಪ್ಪ. ಆಗ ಬ್ರೇಕ್ ಹಾಕಿದ್ರೆ ರನ್‌ವೇ ಮುಗಿದ್ರೂ ವಿಮಾನ ನಿಲ್ಲೂದಿಲ್ಲ, ಸೀದಾ ಕಂದಕಕ್ಕೆ. ಹೋದ್ರೆ ಮಾತ್ರ ಬದುಕು. ಉಳಿದ ಒಂದೇ ಎಂಜಿನ್ನಲ್ಲಿ ಎದ್ದು, ರನ್‌ವೇ ತುದೀಲಿ ಮೂವತ್ತೈದು ಅಡಿ ಮೇಲೆ ಇರ್ತದೆ ಅಂತ ಮೊದ್ಲೇ ಲೆಕ್ಕ ಮಾಡಿಯೇ ಹೊರಡೂದು. ಆ ಲೆಕ್ಕ ಸರಿ ಬರದಿದ್ರೆ ಹೊರಡೂ ಹಾಗೇ ಇಲ್ಲ. ಭಾರ ಇಳಿಸ್ಬೇಕು."

"ಆ ವೇಗ ಎಷ್ಟು?"

"ಅದು ದಿನಾ ಬೇರೆ. ಜನ ಎಷ್ಟು, ಬಿಸಿಲೆಷ್ಟು, ಗಾಳಿ ಯಾವ ಕಡೀದು, ನೆಲ ಒದ್ದೆಯೋ ಒಣಗಿದ್ದೋ, ಎಲ್ಲ ನೋಡಿ ತೆಗೀಬೇಕು."

ಇದು ಕೆರಿಯಪ್ಪನಿಗೆ ಬಹಳ ಹಿಡಿಸಿತು. ತುಂಬಿದ ಬಸ್ಸು ಬೇರೆ, ಖಾಲಿ ಬಸ್ಸು ಬೇರೆ, ಮಳೆಯ ಘಟ್ಟ ಬೇರೆ, ಬೇಸಿಗೆಯ ಘಟ್ಟ ಬೇರೆ! ಮಗಳ ದುಃಖವನ್ನೂ ಮರೆತು ಅವನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ಒಂದೇ ಎಂಜಿನ್ನಿನಲ್ಲಿ ಚಕ್ರ ಮಡಚಿ ಏರುವಾಗ ನೂರು ಅಡಿ ಮುಂದೆ ಹೋದರೆ ಎರಡೂವರೆ ಅಡಿಯ ಹತ್ತಿರ ಮೇಲೆ ಹೋಗಲೇಬೇಕೆಂದು ನಿಯಮ ಎಂದು ಕೇಳಿ ಬಿದ್ದು ಬಿದ್ದು ನಕ್ಕ. "ಅಷ್ಟೇನಾ! ನನ್ನ ಹಳೇ ಬಸ್ಸು ದೇವಿಮನೆ ಘಟ್ಟದಲ್ಲಿ ಇದರ ಎರಡರಷ್ಟು ಹತ್ತತಿತ್ತಲೇ!" ಇಳಿಯುವಾಗ ರನ್‌ವೇಯ ನೂರು ಪಾಲಿನಲ್ಲಿ ಅರವತ್ತು ಪಾಲಿನೊಳಗೆ ನಿಲ್ಲುವ ಲೆಕ್ಕ ಇರಬೇಕು, ಉಳಿದ ನಲವತ್ತು ಪಾಲು ಕೈಯಲ್ಲಿ ಇಟ್ಟುಕೊಳ್ಳಬೇಕು, ನೆಲ ಒದ್ದೆಯಾದರೆ ಇನ್ನೂ ಹೆಚ್ಚು ಎಂದಾಗ ತೊಡೆ ತಟ್ಟಿಕೊಂಡ. "ಇದು! ಇದು ಮನುಷ್ಯರು ಮಾಡಿದ ಕಾನೂನು! ಇದು ನನ್ನ ಲೆಕ್ಕ!"

"ಇಳಿಯೂದ್ರಲ್ಲಿ ನಾ ಒಂದು ಸಲವೂ ತಪ್ಪಲಿಲ್ಲ ಅಪ್ಪ," ಎಂದಳು ಅನುಶ್ರೀ. "ಏರೂದ್ರಲ್ಲೇ ತಪ್ಪಿದ್ದು. ಇಷ್ಟು ವರ್ಷ ನಿಲ್ಲಿಸೂದೋ ಬಿಡೂದೋ ಅಂತ ಹೇಳೂದು ಪಕ್ಕದಲ್ಲಿ ಕೂತ ಕ್ಯಾಪ್ಟನ್ ಕೆಲಸ ಆಗಿತ್ತು. ಈ ಸಲ ನಂದು. ಸಿಮ್ಯುಲೇಟರಲ್ಲಿ, ಅಂದ್ರೆ ನೆಲದ ಮೇಲಿನ ಸುಳ್ಳು ವಿಮಾನದಲ್ಲಿ, ವೀ-ವನ್ ಅಂತ ಕೂಗು ಬಂದು ಒಂದು ಉಸಿರು ಆಗಿತ್ತು. ಬೆಂಕಿ ಗಂಟೆ ಹೊಡೀತು. ನಾ ನಿಲ್ಲಿಸ್ದೆ."

"ಪರದೆ ತುಂಬ ಕೆಂಪಾಯ್ತು, ವಿಮಾನ ಹೋಯ್ತು ಅಂತ ಲೆಕ್ಕ," ಎಂದಳು ಅವಳು.

ಕಾಗದದ ಸುರುಳಿಯಲ್ಲಿದ್ದದ್ದು ಕಾಕ್‌ಪಿಟ್ಟಿನ ಚಿತ್ರ. ಅದನ್ನು ಜಗಲಿಯ ಗೋಡೆಗೆ ಅಂಟಿಸಿ, ಅದರೆದುರು ಕುರ್ಚಿ ಇಟ್ಟುಕೊಂಡು ಅವಳು ಅಭ್ಯಾಸಕ್ಕೆ ಕೂತಳು. ಪೈಲಟ್‌ಗಳೆಲ್ಲ ಹೀಗೇ ಮಾಡುತ್ತಾರಂತೆ. ಆದರೆ ಆ ಮನೆಯವರು ಸುಮ್ಮನೆ ನೋಡುತ್ತ ಕೂರುವ ಪೈಕಿಯೇ? ಕೆರಿಯಪ್ಪ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು ಕೋ-ಪೈಲಟ್ ಆದ. ನಡುವೆ ಒಂದು ಭತ್ತದ ಚೀಲ ಇಟ್ಟು ಅದಕ್ಕೆ ಅನ್ನ ಬಡಿಸುವ ಎರಡು ಸಟ್ಟುಗ ಸಿಕ್ಕಿಸಿದರು. ಮುಂದೆ ದೂಡಿದರೆ ಎಂಜಿನ್ನಿಗೆ ಜೋರು, ಹಿಂದೆ ಎಳೆದರೆ ನಿಲ್ಲಿಸಿದ ಹಾಗೆ. ಕಿರಿಮಗಳು ರಕ್ಷಿತಾ ಸಿದ್ದಾಪುರದ ಸೊಸೈಟಿಯಲ್ಲಿ ಕೆಲಸ ಮಾಡುವವಳು. ಸಂಜೆ ಸ್ಕೂಟಿ ನಿಲ್ಲಿಸಿ ಒಳಗೆ ಬಂದು ಈ ಸಡಗರ ಕಂಡವಳೇ, "ಬೆಂಕಿ ಗಂಟೆ ನಂದು!" ಎಂದು ಅಡಿಗೆಮನೆಯಿಂದ ಹಿತ್ತಾಳೆಯ ಗಂಗಾಳ, ಸೌಟು ತಂದು ಹಿಂದೆ ನಿಂತಳು.

"ಹೊರಟಿತು!" ಎಂದು ಕೆರಿಯಪ್ಪ ಕೂಗಿದ. ಅನುಶ್ರೀ ಸಟ್ಟುಗ ಮುಂದೆ ದೂಡಿದಳು. "ವೇಗ ನೂರು!" ಎಂದ. "ವೀ-ವನ್!" ಎಂದ. ಅವನು "ಮೇಲೆ ಎತ್ತು" ಎನ್ನುವಷ್ಟರಲ್ಲಿ ಹಿಂದಿನಿಂದ ಢಣ್ ಎಂದು ಗಂಗಾಳ ಬಡಿಯಿತು. ಅನುಶ್ರೀಯ ಕೈ ಸಟ್ಟುಗವನ್ನು ಹಿಂದೆಳೆಯಿತು. ಕಾಲು ನೆಲಕ್ಕೆ ದಢ್ ಎಂದು ಬಿತ್ತು.

"ಥೋ!" ಎಂದು ಅವಳು ತಲೆ ಹಿಡಿದುಕೊಂಡಳು.

ಚಿತ್ತಾರ ಬರೆಯುತ್ತ ಕೂತಿದ್ದ ದೇವಿ ಮಾತ್ರ ನಗಲು ತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಎಂತಕ್ಕೆ ನಗ್ತಿಯೇ?" ಎಂದು ಗಂಡ ಸಿಟ್ಟಾದ.

"ನಿಮ್ಮ ಕಾಲು ನೋಡ್ಕಣಿ," ಎಂದಳು ದೇವಿ.

ಕೆರಿಯಪ್ಪ ನೋಡಿಕೊಂಡ. ಅವನ ಬಲಗಾಲೂ ಹಿಮ್ಮಡಿ ಎತ್ತಿ, ಮುಂಗಾಲು ನೆಲಕ್ಕೆ ಒತ್ತಿ, ಮೊಣಕಾಲು ನಡುಗುವಷ್ಟು ಬಿಗಿಯಾಗಿ ನಿಂತಿತ್ತು. ಮಗಳದ್ದೂ ಹಾಗೆಯೇ, ತದ್ರೂಪು. "ಅಪ್ಪ ಮಗಳದ್ದು ಇಬ್ರದ್ದೂ ಒಂದೇ ಸಲಕ್ಕೆ ಬಿತ್ತು," ಎಂದಳು ದೇವಿ. "ಹುಟ್ಟುಗುಣ ಘಟ್ಟ ಹತ್ತಿದ್ರೂ ಬಿಡೂದಿಲ್ಲ ಅಂತಾರಲ, ಇಲ್ಲಿ ವಿಮಾನ ಹತ್ತಿದ್ರೂ ಬಿಡ್ಲಿಲ್ಲ."

ಹೆಣ್ಣುಮಕ್ಕಳು ನಕ್ಕರು. ಕೆರಿಯಪ್ಪನೂ ನಗಲು ನೋಡಿದ, ಆದರೆ ನಗು ಬರಲಿಲ್ಲ. ಜೀಪು ಕಲಿಸುವಾಗ ಇದೇ ಮಗಳ ಪಕ್ಕದಲ್ಲಿ ಕೂತು "ಸಂಶಯ ಬಂತಾ, ಬ್ರೇಕು! ವಿಚಾರ ಆಮೇಲೆ!" ಎಂದು ಎಷ್ಟು ಸಲ ತಲೆಗೆ ಮೊಟಕಿದ್ದ! ಅವಳ ಕಾಲಿನೊಳಗೆ ತನ್ನ ಮಾತನ್ನು ಮೊಳೆ ಹೊಡೆದು ಕೂರಿಸಿದ್ದು ತಾನೇ. ನಲವತ್ತು ಜನರ ಜೀವ ಕಾದ ಆ ಮಾತು ಈಗ ಮಗಳ ಕುತ್ತಿಗೆಗೆ ಬಂದು ಕೂತಿತ್ತು. ಆ ರಾತ್ರಿ ಅವನಿಗೆ ಅನ್ನ ಸೇರಲಿಲ್ಲ.

ಮರುದಿನದಿಂದ ಹಟ ಹಿಡಿದ. ಬೆಳಿಗ್ಗೆ ಚಾ ಕುಡಿದು ಒಂದು ಸಲ, ಮಧ್ಯಾಹ್ನ ಉಂಡು ಒಂದು ಸಲ, ಸಂಜೆ ಗದ್ದೆಯಿಂದ ಬಂದು ಮತ್ತೆ. "ಹೊರಟಿತು! ನೂರು! ವೀ-ವನ್! ಢಣ್!" ನೆರೆಮನೆಯವರು ಬೇಲಿಯ ಮೇಲೆ ಕತ್ತು ಹಾಕಿ ನೋಡಿದರು. ಅನುಶ್ರೀಗೂ ಚೂರು ಚೂರು ಹುರುಪು ಬಂತು, ಹತ್ತರಲ್ಲಿ ಏಳೆಂಟು ಸಲ ನಿಲ್ಲಿಸದೆ ಏರಿದಳು. ಆದರೂ ತಲೆ ಅಲ್ಲಾಡಿಸಿದಳು. "ಇಲ್ಲಿ ಗಂಗಾಳ ಬರ್ತದೆ ಅಂತ ಗೊತ್ತಿರ್ತದೆ ಅಪ್ಪ. ಅಲ್ಲಿ ಗೊತ್ತಿರೂದಿಲ್ಲ. ಗೊತ್ತಿಲ್ಲದೇ ಬಂದಾಗ ಕಾಲು ಎಂತ ಮಾಡ್ತದೆ ಅನ್ನೂದು ನಂಗೇ ಗೊತ್ತಿಲ್ಲ."

ಕೆರಿಯಪ್ಪ ಭತ್ತದ ಚೀಲವನ್ನು ಸಿಟ್ಟಿನಿಂದ ಪಕ್ಕಕ್ಕೆ ದೂಡಲು ಹೋಗಿ ಭುಜ ಹಿಡಿಸಿಕೊಂಡ. ಅದೂ ಹಬ್ಬಕ್ಕೆ ಮುಂಚಿನ ದಿನ!

ಈಗ ಭೂಮಿ ಹುಣ್ಣಿಮೆಯ ಮಾತು ಸ್ವಲ್ಪ ಹೇಳಲೇಬೇಕು. ಗದ್ದೆಯಲ್ಲಿ ಭತ್ತ ತೆನೆಯನ್ನು ಒಡಲಲ್ಲಿಟ್ಟುಕೊಂಡು ಹೊಡೆಯಾಗಿ ನಿಂತ ಹೊತ್ತಿನಲ್ಲಿ ಭೂಮಿತಾಯಿ ಬಸುರಿ ಎಂದು ಲೆಕ್ಕ. ಬಸುರಿಗೆ ಬಯಕೆ ಊಟ ಬಡಿಸಬೇಕು. ರಾತ್ರಿಯೆಲ್ಲ ಹೆಂಗಸರು ಕಡುಬು, ಬೆರಕೆ ಸೊಪ್ಪಿನ ಪಲ್ಯ, ಪಾಯಸ ಎಂದು ಅಟ್ಟು, ಚಿತ್ತಾರದ ಬುಟ್ಟಿಯಲ್ಲಿ ತುಂಬುತ್ತಾರೆ. ಬೆಳಗು ಹರಿಯುವ ಹೊತ್ತಿಗೆ ಮನೆಯ ಯಜಮಾನ ಅದನ್ನು ತಲೆಯ ಮೇಲೆ ಹೊತ್ತು ಗದ್ದೆಗೆ ನಡೆಯುತ್ತಾನೆ. ಕೆರಿಯಪ್ಪನ ಮನೆಯಲ್ಲಿ ಅದಕ್ಕೊಂದು ಕಟ್ಟಳೆ, ಅವನ ಅಜ್ಜನ ಕಾಲದಿಂದ ಬಂದದ್ದು. ಅಂಗಳದ ಕೊನೆಯ ದಣಪೆ, ಅಂದರೆ ಅಡ್ಡಕ್ಕೆ ಬಿದಿರಿನ ಗಳು ಹಾಕಿದ ಬೇಲಿಯ ಬಾಗಿಲು ದಾಟುವವರೆಗೆ ಏನು ಹೆಚ್ಚುಕಡಿಮೆಯಾದರೂ ತಿರುಗಿ ಬರಬಹುದು. ದೀಪ ಆರಿದರೆ ಹಚ್ಚಿಕೊಂಡು ಹೋಗು, ಏನಾದರೂ ಮರೆತರೆ ತೆಗೆದುಕೊಂಡು ಹೋಗು. ದಣಪೆ ದಾಟಿದ ಮೇಲೆ ಮುಗಿಯಿತು. ದೀಪ ಆರಲಿ, ಆಕಾಶ ಬೀಳಲಿ, ಗದ್ದೆ ಮುಟ್ಟುವವರೆಗೆ ಹೊತ್ತವರು ನಿಲ್ಲುವಂತಿಲ್ಲ, ತಿರುಗುವಂತಿಲ್ಲ, ತುಟಿ ಬಿಚ್ಚುವಂತಿಲ್ಲ. ಉಣ್ಣಲು ಎದ್ದು ಕೂತ ಬಸುರಿಯ ಎದುರಿನಿಂದ ಊಟ ವಾಪಸು ಒಯ್ಯುವುದುಂಟೇ?

ಹಬ್ಬದ ದಿನ ನಸುಕಿನಲ್ಲಿ ಭುಜಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಕೆರಿಯಪ್ಪ ಗೊಣಗುತ್ತಿದ್ದ. "ಬುಟ್ಟಿ ಹೊರೂಕೆ ಈಗ ಯಾರನ್ನ ಕರೀಲಿ? ಎಲ್ಲರ ಮನೇಲೂ ಅವರವರ ಬುಟ್ಟಿ ಅದೆ."

"ಯಾರನ್ನೂ ಕರೀಬೇಡಿ. ಅನು ಹೊರ್ತದೆ," ಎಂದಳು ದೇವಿ.

"ಹೆಣ್ಣುಮಕ್ಕಳು ಹೊತ್ತದ್ದು ಎಲ್ಲಾದ್ರೂ ಉಂಟನೇ?"

"ನೂರೆಂಬತ್ತು ಜನರನ್ನ ಆಕಾಶದಲ್ಲಿ ಹೊರೂಕೆ ಆಗ್ತದಂತೆ, ಒಂದು ಬುಟ್ಟಿ ಕಡುಬು ಹೊರೂಕೆ ಆಗೂದಿಲ್ವಾ? ಬಸುರಿ ಕಷ್ಟ ಹೆಣ್ಣಿಗೆ ಗೊತ್ತಾಗೂದೋ, ನಿಮಗೋ?"

ಕೆರಿಯಪ್ಪ ಎದ್ದು ಹೋಗಿ ಸಿಂಬೆ ಹುಡುಕಿ ತಂದ. ಅನುಶ್ರೀ ಮಿಂದು, ಸೀರೆಯ ನೆರಿಗೆ ಎತ್ತಿ ಕಟ್ಟಿ, ತಲೆಗೆ ಸಿಂಬೆ ಇಟ್ಟುಕೊಂಡು ಬಂದು ನಿಂತಳು. ಬುಟ್ಟಿ ಎತ್ತಿ ಇಟ್ಟಾಗ "ಅಯ್ಯಬ್ಬಾ! ಅವ್ವ, ಎಂತ ತುಂಬಿದ್ಯೇ!" ಎಂದಳು. ರಕ್ಷಿತಾ ದೀಪ ಹಿಡಿದು ಮುಂದೆ ನಡೆದಳು, ನಡುವೆ ಬುಟ್ಟಿ, ಅದರ ಹಿಂದೆ ದೇವಿ, ಕಡೆಯಲ್ಲಿ ನೀರಿನ ತಾಮ್ರದ ತಂಬಿಗೆ ಹಿಡಿದ ಕೆರಿಯಪ್ಪ. ಪೂರ್ವ ಕೆಂಪಗಾಗುತ್ತಿತ್ತು. ತುಳಸಿಕಟ್ಟೆ ದಾಟುವಷ್ಟರಲ್ಲಿ ಗಾಳಿ ಬೀಸಿ ದೀಪ ಆರಿತು.

"ನಿಲ್ಲು, ನಿಲ್ಲು! ದಣಪೆ ದಾಟ್ಲಿಲ್ಲ!" ಎಂದು ಕೆರಿಯಪ್ಪ ಕೂಗಿದ. ಎಲ್ಲರೂ ತಿರುಗಿ ಬಂದರು. ದೀಪ ಹಚ್ಚಿದರು. ಮತ್ತೆ ಹೊರಟರು. ಈ ಸಲ ಗಾಳಿ ಸುಮ್ಮನಿತ್ತು. ರಕ್ಷಿತಾ ಒಂದು ಕೈಯಲ್ಲಿ ದಣಪೆಯ ಗಳು ಸರಿಸಿ ದಾಟಿದಳು, ಹಿಂದೆಯೇ ಬುಟ್ಟಿ ಹೊತ್ತ ಅಕ್ಕ ದಾಟಿದಳು. ನಾಲ್ಕು ದಿನ ಗಂಗಾಳ ಬಡಿದವಳ ನಾಲಿಗೆಗೆ ತಡೆಯಲಾಗಬೇಕಲ್ಲ! ರಕ್ಷಿತಾ ಗಟ್ಟಿಯಾಗಿ, "ವೀ-ವನ್!" ಎಂದಳು.

"ಹಬ್ಬದಲ್ಲಿ ಎಂತದೇ ಅದು!" ಎಂದು ದೇವಿ ಗದರಿದಳು. ಅನುಶ್ರೀಯ ಭುಜ ಮಾತ್ರ ನಗುವಿನಿಂದ ಕುಲುಕಿದ್ದನ್ನು ಕೆರಿಯಪ್ಪ ಹಿಂದಿನಿಂದ ನೋಡಿದ.

ಮುಂದೆ ಗದ್ದೆಯ ಬದು, ಒಂದಾಳು ನಡೆಯುವಷ್ಟೇ ಅಗಲ. ಇಬ್ಬನಿ ಬಿದ್ದು ಹುಲ್ಲು ಜಾರುತ್ತಿತ್ತು. ಒಂದು ಕಡೆ ನಿಂತ ಭತ್ತ, ಇನ್ನೊಂದು ಕಡೆ ಕಾಲುವೆ. ಕೆರಿಯಪ್ಪ ನೆಲ ನೋಡಿ ನಡೆಯಬೇಕಿತ್ತು. ಅವನು ನೋಡುತ್ತಿದ್ದದ್ದು ಮಗಳನ್ನು. ಅಜ್ಜ ಹೊತ್ತ ಬುಟ್ಟಿ, ಅಪ್ಪ ಹೊತ್ತ ಬುಟ್ಟಿ, ತಾನು ಹೊತ್ತ ಬುಟ್ಟಿ ಇವಳ ತಲೆಯ ಮೇಲೆ ಎಷ್ಟು ನೆಟ್ಟಗೆ ಕೂತಿದೆ ಎಂದು ಅವನಿಗೆ ಹಿಗ್ಗೋ ಹಿಗ್ಗು. ಆ ಹಿಗ್ಗಿನಲ್ಲಿ ಕಾಲು ಬದುವಿನ ಅಂಚಿಗೆ ಬಿತ್ತು, ಅಂಚು ಕುಸಿಯಿತು.

"ಅಯ್ಯಯ್ಯೋ, ಸತ್ತೇ!"

ಧೊಪ್ ಎಂದು ಅವನು ಕಾಲುವೆಗೆ ಬಿದ್ದ. ತಂಬಿಗೆ ಕಲ್ಲಿಗೆ ಬಡಿದು ಢಣಢಣ ಎಂದು ಉರುಳಿತು. ಗಂಗಾಳದ ಸದ್ದು ಅದರ ಮುಂದೆ ಏನೂ ಅಲ್ಲ. ದೇವಿ ಕಿರುಚಿದಳು.

ಕೆಸರಿನಲ್ಲಿ ಅಂಗಾತ ಬಿದ್ದಿದ್ದ ಕೆರಿಯಪ್ಪನ ಕಣ್ಣಿಗೆ ಮೇಲೆ ಬದುವಿನ ಮೇಲಿದ್ದ ಮಗಳು ಪೂರ್ತಿ ಕಾಣುತ್ತಿದ್ದಳು. ಅವಳ ಬಲಗಾಲು ದಢ್ ಎಂದು ನೆಲ ಒತ್ತಿ ನಿಂತಿತು. ಅದೇ ಹಿಮ್ಮಡಿ, ಅದೇ ಮುಂಗಾಲು. ಒಂದು ಕೈ ಬುಟ್ಟಿ ಬಿಟ್ಟು ಕೆಳಗೆ ಬರುತ್ತಿತ್ತು, ತಲೆ ಹಿಂದಕ್ಕೆ ಹೊರಳುತ್ತಿತ್ತು, ಬುಟ್ಟಿ ಕಾಲುವೆಯ ಕಡೆ ವಾಲಿತು. ಆ ಜಾರು ಬದುವಿನಲ್ಲಿ ಅವಳು ತಿರುಗಿದರೆ ಬುಟ್ಟಿಯೂ ಹೋಯಿತು, ಅವಳೂ ಬಿದ್ದಳು. ಆದರೆ ಕೆರಿಯಪ್ಪ ಹೆದರಿದ್ದು ಅದಕ್ಕಲ್ಲ. ಇವತ್ತು ಇಲ್ಲಿ ತಿರುಗಿದವಳು ಅಲ್ಲಿಯೂ ತಿರುಗುತ್ತಾಳೆ ಎಂದು ಅವನಿಗೆ ಸಿಡಿಲು ಹೊಡೆದಷ್ಟು ಖಾತ್ರಿಯಾಯಿತು.

"ನಿಲ್ಬೇಡಾ!" ಎಂದು ಅವನು ಕೂಗಿದ. ಜನ್ಮದಲ್ಲಿ ಒಂದು ಸಲವೂ ಆ ಬಾಯಿಯಿಂದ ಬರದ ಮಾತು ಕೆಸರಿನೊಳಗಿನಿಂದ ಬಂತು. "ನಿಲ್ಬೇಡ ಅನೂ! ಹೋಗು! ಹೋಗ್ತಾ ಇರು!"

ಒಂದು ಗಳಿಗೆ ಅವಳು ಹಾಗೇ ನಿಂತಳು. ಆಮೇಲೆ ಬಿಟ್ಟ ಕೈ ಮೇಲೆ ಹೋಗಿ ಬುಟ್ಟಿ ಹಿಡಿಯಿತು. ಹಿಮ್ಮಡಿ ನೆಲಕ್ಕೆ ಬಂತು. ಅವಳು ಹೋದಳು! ತಿರುಗಿ ನೋಡಲಿಲ್ಲ, ತುಟಿ ಬಿಚ್ಚಲಿಲ್ಲ, ವಾಲಿದ ಬುಟ್ಟಿಯನ್ನು ನಾಲ್ಕು ಹೆಜ್ಜೆಯಲ್ಲಿ ನೆಟ್ಟಗೆ ಮಾಡಿಕೊಂಡು ಸರಸರನೆ ಹೋಗಿಯೇ ಬಿಟ್ಟಳು. ಕೆರಿಯಪ್ಪ ಕಾಲುವೆಯಲ್ಲಿ ಬಿದ್ದುಕೊಂಡೇ ಚಪ್ಪಾಳೆ ತಟ್ಟಿದ. ಭುಜದ ನೋವು ಎಲ್ಲಿ ಹೋಯಿತೋ ಅವನಿಗೇ ಗೊತ್ತಿಲ್ಲ.

"ಇವರಿಗೆ ತಲೆಗೇ ಪೆಟ್ಟು ಬಿದ್ದದೆ," ಎಂದು ದೇವಿ ಅಳುತ್ತ ಕೆಳಗಿಳಿದಳು. "ಹೋಗು ಅಂತಾರಲೇ! ಇವರು ಹೋಗು ಅಂತಾರೆ!"

ಗದ್ದೆಯಲ್ಲಿ ಪೂಜೆಯಾಗಿ, ಕಡುಬು ಪಲ್ಯ ಭೂಮಿತಾಯಿಗೆ ಬೀರಿ, ಎಲ್ಲರೂ ಬದುವಿನ ಮೇಲೆ ಕೂತು ಉಂಡರು. ಕೆರಿಯಪ್ಪನ ಮೈಯೆಲ್ಲ ಕೆಸರು, ಕಾಲು ಸ್ವಲ್ಪ ಉಳುಕಿತ್ತು, ಮುಖದಲ್ಲಿ ಮಾತ್ರ ಮದುಮಗನ ಕಳೆ. ಅನುಶ್ರೀ ಊಟ ಬಿಟ್ಟು ತನ್ನ ಎರಡು ಕೈಗಳನ್ನೇ ನೋಡುತ್ತ ಕೂತಿದ್ದಳು.

"ಅಪ್ಪ, ನಂಗೆ ಈಗ ಗೊತ್ತಾಯ್ತು," ಎಂದಳು. "ವೀ-ವನ್ ಅಂದ ಕೂಡ್ಲೇ ಕ್ಯಾಪ್ಟನ್ ಎಂಜಿನ್ ಹಿಡಿಕೆ ಮೇಲಿಂದ ಕೈ ತೆಗೀಬೇಕು ಅಂತ ನಿಯಮ. ತೆಗೆದು ಎರಡೂ ಕೈ ಚುಕ್ಕಾಣಿ ಮೇಲೆ ಇಡ್ಬೇಕು, ನಿಲ್ಲಿಸೂ ಆಸೇನೇ ಬರಬಾರ್ದು ಅಂತ. ನಾ ಅವತ್ತು ತೆಗೀಲೇ ಇಲ್ಲ. ಇರ್ಲಿ ಅಂತ ಅಲ್ಲೇ ಇಟ್ಕಂಡಿದ್ದೆ."

"ಗೇರಿನ ಮೇಲೆ ನಾ ಇಟ್ಕತಿದ್ನಲ, ಹಾಗೆ," ಎಂದ ಕೆರಿಯಪ್ಪ.

"ಹಾಗೇ. ಬುಟ್ಟಿ ಹೊತ್ತಾಗ ಎರಡೂ ಕೈ ಮೇಲೆ ಇತ್ತು. ನೀ ಬಿದ್ದಾಗ ಒಂದು ಕೈ ಕೆಳಗೆ ಬಂತು, ಆವಾಗ್ಲೇ ಬುಟ್ಟಿ ವಾಲಿದ್ದು."

ಕೆರಿಯಪ್ಪ ಕಡುಬು ಮುರಿದು ಅವಳ ಎಲೆಗೆ ಹಾಕಿದ. "ಕೈ ಮೇಲೆ ಇಟ್ಕ. ಬೇರೆ ಎಂತದೂ ನೆನಪು ಮಾಡ್ಬೇಡ," ಎಂದ.

ಪರೀಕ್ಷೆಯ ದಿನ ಕೆರಿಯಪ್ಪ ಮನೆಯಲ್ಲಿ ಇರಲಾರದೆ, ಭುಜ ತೋರಿಸುವ ನೆಪ ತೆಗೆದು ಸಿದ್ದಾಪುರದಲ್ಲಿ ಶಿರಸಿಯ ಬಸ್ಸು ಹತ್ತಿದ. ಚಾಲಕ ಗೋವಿಂದ ಹಿಂದೆ ಅವನ ಕೈಕೆಳಗೆ ಕಲಿತವನು. ಗುರುವನ್ನು ಎದುರಿನ ಸೀಟಿನಲ್ಲೇ ಕೂರಿಸಿಕೊಂಡ, ಆಮೇಲೆ ಪಶ್ಚಾತ್ತಾಪ ಪಟ್ಟ. ಪ್ರತಿ ತಿರುವಿಗೂ ಕೆರಿಯಪ್ಪನ ಕಾಲು ನೆಲಕ್ಕೆ ದಢ್, ದಢ್.

"ಅಣ್ಣ, ನೀವು ಅಲ್ಲಿ ಕೂತು ಬ್ರೇಕ್ ಹಾಕಿದ್ರೆ ನಾ ಇಲ್ಲಿ ಎಂತ ಮಾಡೂದು?" ಎಂದ ಗೋವಿಂದ.

"ಸುಮ್ನೆ ಓಡ್ಸು. ನನ್ನ ಮಗಳದ್ದು ಪರೀಕ್ಷೆ ಅದೆ ಇವತ್ತು," ಎಂದ ಕೆರಿಯಪ್ಪ. ಅಷ್ಟು ಹೇಳಿದ್ದೇ ತಡ, ಹಿಂದಿನ ಸೀಟಿನ ಹೆಂಗಸು ಕೇಳಿದಳು, ಅವಳ ಪಕ್ಕದವನು ಕೇಳಿದ. ಅರ್ಧ ದಾರಿಯೊಳಗೆ ವೀ-ವನ್ ಎಂದರೆ ಏನು ಎಂಬುದು ಕಂಡಕ್ಟರನ ಸಮೇತ ಇಡೀ ಬಸ್ಸಿಗೆ ಗೊತ್ತಾಗಿತ್ತು.

ಆಗ ಫೋನು ಬಡಿದುಕೊಂಡಿತು.

"ಅಪ್ಪ! ಮುಗೀತು!" ಅನುಶ್ರೀಯ ಧ್ವನಿ ಏರಿತ್ತು, ಅಳುವೋ ನಗುವೋ ತಿಳಿಯಲಿಲ್ಲ. "ವೀ-ವನ್ ಅಂತ ಕೂಗು ಬಂತು ಅಪ್ಪ, ಆಮೇಲೆ ಬೆಂಕಿ ಗಂಟೆ ಹೊಡೀತು, ನಾನು..."

ಬಸ್ಸು ತಗ್ಗಿಗಿಳಿಯಿತು. ಫೋನು ಸತ್ತಿತು.

"ಹಲೋ! ಹಲೋ! ನೀನು ಎಂತಾ? ನಿಂತ್ಯಾ? ಅನೂ!" ಕೆರಿಯಪ್ಪ ಎದ್ದು ನಿಂತುಬಿಟ್ಟ. "ಗೋವಿಂದಾ! ಇಲ್ಲಿ ನೆಟ್‌ವರ್ಕ್ ಎಲ್ಲಿ ಸಿಗ್ತದೋ?"

"ಆಚೆ ದಿಬ್ಬ ಹತ್ತಬೇಕು ಅಣ್ಣ."

"ಮತ್ತೆ ಹತ್ತೋ! ಬೇಗ ಹೊಡಿ! ಆ ಬ್ರೇಕಿಂದ ಕಾಲು ತೆಗಿ ಮಾರಾಯಾ!"

ಗೋವಿಂದ ಕನ್ನಡಿಯಲ್ಲಿ ಅವನ ಮುಖ ನೋಡಿದ. "ಯಾರು ಹೇಳೂದು ಇದು! ಕೆರಿಯಪ್ಪಣ್ಣನೇ?" ಇಡೀ ಬಸ್ಸು ಹೋ ಎಂದು ನಕ್ಕಿತು. "ಹೊಡಿ ಗೋವಿಂದಾ, ಹೊಡಿ!" ಎಂದು ಹಿಂದಿನ ಹೆಂಗಸೂ ಕೂಗಿದಳು. ಬಸ್ಸು ಗರ್ರೆಂದು ದಿಬ್ಬ ಹತ್ತಿತು. ನಿಲ್ಲಿಸಲು ಕೈ ಮಾಡಿದವನೊಬ್ಬನನ್ನು ಹತ್ತಿಸಿಕೊಂಡು ಸೀಟು ಹುಡುಕಲೂ ಬಿಡದೆ ಮತ್ತೆ ಹತ್ತಿತು. ನೆತ್ತಿ ಮುಟ್ಟಿದ್ದೇ ಫೋನು ಮತ್ತೆ ಬಡಿದುಕೊಂಡಿತು. ಹಿಂದಿನ ಹೆಂಗಸು ಸೀಟಿನಿಂದ ಮುಂದಕ್ಕೆ ಬಾಗಿದಳು.

"ನಿಂತ್ಯಾ?" ಎಂದ ಕೆರಿಯಪ್ಪ.

"ಹೋದೆ ಅಪ್ಪ!" ಎಂದಳು ಅನುಶ್ರೀ. "ಹೋದೆ! ಒಂದೇ ಎಂಜಿನ್ನಲ್ಲಿ ಎದ್ದೆ, ಸುತ್ತು ಹಾಕಿ ಬಂದು ಇಳಿದೆ. ಇಳಿದ ಮೇಲೆ ನಿನ್ನ ಬ್ರೇಕ್ ಹಾಕ್ದೆ, ರನ್‌ವೇ ಇನ್ನೂ ಅಷ್ಟುದ್ದ ಉಳಿದಿತ್ತು. ಪಾಸಾದೆ ಅಪ್ಪ, ಕ್ಯಾಪ್ಟನ್ ಆದೆ!"

ಕೆರಿಯಪ್ಪ ಬಸ್ಸಿನವರ ಕಡೆ ತಿರುಗಿ ಹೆಬ್ಬೆರಳು ಎತ್ತಿ ತೋರಿಸಿದ. ಬಸ್ಸಿನಲ್ಲಿ ಎದ್ದ ಗದ್ದಲಕ್ಕೆ ಅವನ ಮಗಳ ಮುಂದಿನ ಮಾತು ಅರ್ಧ ಕೇಳಿಸಲಿಲ್ಲ. "ಸುಮ್ನಿರ್ರೋ!" ಎಂದು ಗದರಿಸಿ ಅವನು ಫೋನನ್ನು ಕಿವಿಗೆ ಒತ್ತಿಕೊಂಡ.

"ಪರೀಕ್ಷೆ ಮಾಡೂರು ಕಡೆಗೆ ಒಂದು ಪ್ರಶ್ನೆ ಕೇಳಿದ್ರು ಅಪ್ಪ," ಎನ್ನುತ್ತಿದ್ದಳು ಅವಳು. "ಬೆಂಕಿ ಗಂಟೆ ಹೊಡೆದಾಗ ನಾ ಜೋರಾಗಿ ಎಂತದೋ ಕೂಗಿದ್ನಂತೆ, ನಂಗೇ ಗೊತ್ತಿಲ್ಲ. ಅದು ಅಲ್ಲಿ ರೆಕಾರ್ಡ್ ಆಗಿತ್ತು, ಹಾಕಿ ಕೇಳಿಸಿದ್ರು. ಎರಡೂ ಕೈ ಚುಕ್ಕಾಣಿ ಮೇಲೆ ಇಟ್ಕಂಡು 'ನಿಲ್ಬೇಡ, ಹೋಗು, ಹೋಗ್ತಾ ಇರು' ಅಂತ ಕೂಗಿದ್ದೆ. ಇದು ಯಾವ ಭಾಷೆ, ಯಾವ ಪುಸ್ತಕದಲ್ಲಿ ಅದೆ ಅಂತ ಕೇಳಿದ್ರು."

"ನೀ ಎಂತ ಹೇಳ್ದೆ?"

"ನಮ್ಮಪ್ಪ ಹೇಳಿದ್ದು ಅಂದೆ. ಬಸ್ ಡ್ರೈವರು, ಒಂದೇ ಒಂದು ಸಲ ಹೇಳಿದ್ದು ಅಂದೆ."